ಸುರಪುರದ ಟೇಲರ್ ಸಾಹೇಬ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸೀಮೆಯಲ್ಲಿ, ಬಂಡೆಗಲ್ಲುಗಳ ಬೆಟ್ಟಗಳ ಮಡಿಲಿನಲ್ಲಿ, ಸುರಪುರವೆಂಬ ಊರಿದೆ. ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಈ ಊರು ಒಂದು ಕಾಲಕ್ಕೆ ಬೇಡ ನಾಯಕರ ರಾಜಧಾನಿಯಾಗಿತ್ತು. ದಿಲ್ಲಿಯ ಬಾದಶಹನಾದ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ, 1705ರಲ್ಲಿ, ತಾನೇ ದಂಡೆತ್ತಿ ಬಂದು ಸಮೀಪದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಬೇಕಾಯಿತೆಂದರೆ ಈ ನಾಯಕರ ಕೆಚ್ಚು ಎಂತಹುದೆಂಬುದನ್ನು ಊಹಿಸಬಹುದು. ತಲೆಬಾಗುವುದು ಅವರ ರಕ್ತದಲ್ಲಿ ಇರಲಿಲ್ಲ.

ಇಂತಹ ಊರಿನ ಬೆಟ್ಟವೊಂದರ ಮೇಲೆ ಹಳೆಯ ಬಂಗಲೆಯೊಂದು ನಿಂತಿದೆ. ಅದಕ್ಕೆ ಟೇಲರ್ ಮಂಜಿಲ್ ಎಂದು ಹೆಸರು. ಅದನ್ನು ಕಟ್ಟಿಸಿದವನು ನಾಯಕರ ವಂಶದವನಲ್ಲ, ಈ ನಾಡಿನವನೂ ಅಲ್ಲ. ಏಳು ಸಮುದ್ರಗಳ ಆಚೆಯಿಂದ ಬಂದ ಒಬ್ಬ ಇಂಗ್ಲಿಷ್ ಅಧಿಕಾರಿ. ಆಳಲು ಬಂದವರ ಹೆಸರನ್ನು ಆಳಿಸಿಕೊಂಡವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಇಲ್ಲವೇ ಶಾಪದೊಡನೆ ನೆನೆಯುತ್ತಾರೆ. ಸುರಪುರದ ಜನರು ಈತನನ್ನು ಮರೆಯಲೂ ಇಲ್ಲ, ಶಪಿಸಲೂ ಇಲ್ಲ. ಅದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಫಿಲಿಪ್ ಮೆಡೋಸ್ ಟೇಲರನ ಬಾಳನ್ನು ಮೊದಲಿನಿಂದ ನೋಡಬೇಕು.

ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿದನು. ಆತನ ಪೂರ್ವಜರಲ್ಲಿ ಜಾನ್ ಟೇಲರ್ ಎಂಬ ಪ್ರಸಿದ್ಧ ಪಾದ್ರಿಯಿದ್ದನು. ನಾರ್ವಿಚ್ ಪಟ್ಟಣದ ಆ ಪಾದ್ರಿ ಹೀಬ್ರೂ ಭಾಷೆಯ ದೊಡ್ಡ ವಿದ್ವಾಂಸ. ಆಡಂಬರವನ್ನು ಒಲ್ಲದ, ದುಡಿಮೆಯನ್ನೂ ವಿಚಾರವನ್ನೂ ಗೌರವಿಸುವ ಕ್ರೈಸ್ತ ಪರಂಪರೆ ಅದು. ಅಹಂಕಾರವು ಪಾಪಗಳಿಗೆಲ್ಲ ತಾಯಿ ಎಂಬುದು ಕ್ರೈಸ್ತರ ನಂಬಿಕೆ. ಗುರುವಾದ ಯೇಸುವೇ ಸೊಂಟಕ್ಕೆ ಬಟ್ಟೆ ಬಿಗಿದು ಶಿಷ್ಯರ ಪಾದಗಳನ್ನು ತೊಳೆದ ಕಥೆಯನ್ನು ಅಂತಹ ಮನೆಗಳ ಮಕ್ಕಳು ಎಳವೆಯಲ್ಲಿಯೇ ಕೇಳಿರುತ್ತಾರೆ. ಕೇಳುವುದು ಸುಲಭ. ಕೈಗೆ ಅಧಿಕಾರ ಬಂದಾಗ ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಕಷ್ಟ.

ಟೇಲರನ ತಂದೆ ವ್ಯಾಪಾರಿ. ವ್ಯಾಪಾರವು ಕುಸಿದುದರಿಂದ ಮಗನ ವಿದ್ಯಾಭ್ಯಾಸ ಅರ್ಧಕ್ಕೇ ನಿಂತಿತು. ಓದುವ ವಯಸ್ಸಿನ ಹುಡುಗ ಲಿವರ್‌ಪೂಲಿನ ವರ್ತಕರೊಬ್ಬರ ಕಚೇರಿಯಲ್ಲಿ ಕಿರಿಯ ಗುಮಾಸ್ತನಾಗಿ ಸೇರಿದನು. ಅಷ್ಟರಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನು ಅವನನ್ನು ತನ್ನ ಮಳಿಗೆಗೆ ಕರೆದನು. ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವ ಆಸೆಯನ್ನೂ ತೋರಿಸಿದನು. 1824ರಲ್ಲಿ, ಹದಿನಾರು ವರ್ಷ ಇನ್ನೂ ತುಂಬಿರದ ಹುಡುಗ ಮುಂಬಯಿಯ ಬಂದರಿನಲ್ಲಿ ಇಳಿದು ನೋಡಿದರೆ, ಆ ವ್ಯಾಪಾರಿಯ ಮಳಿಗೆಯೇ ದಿವಾಳಿಯ ಅಂಚಿನಲ್ಲಿತ್ತು! ಪರದೇಶ, ಕೈಯಲ್ಲಿ ಹಣವಿಲ್ಲ, ಹಿಂದಿರುಗುವ ದಾರಿಯಿಲ್ಲ. ತಾಯಿಯ ಕಡೆಯ ಬಂಧುವೊಬ್ಬನು ಮುಂಬಯಿ ಸರ್ಕಾರದಲ್ಲಿ ಹಿರಿಯ ಹುದ್ದೆಯಲ್ಲಿದ್ದನು. ಆತನ ನೆರವಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಟೇಲರನಿಗೆ ಕೆಲಸ ದೊರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷರಲ್ಲಿಯೂ ಮೇಲು ಕೀಳುಗಳಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಕಾಯಂ ಅಧಿಕಾರಿಗಳದು ಮೇಲಿನ ಸಾಲು. ನಿಜಾಮನಂತಹ ದೇಶೀಯ ರಾಜರ ಸೇವೆಗೆ ಸೇರಿದವರದು ಕೆಳಗಿನ ಸಾಲು. ಟೇಲರನು ಜೀವನಪೂರ್ತಿ ಈ ಕೆಳಗಿನ ಸಾಲಿನಲ್ಲಿಯೇ ಉಳಿದನು. ಅಂತಹವರಲ್ಲಿ ಕೆಲವರು ಮೇಲಿನವರ ಮುಂದೆ ಕುಗ್ಗಿ, ಆ ಸಿಟ್ಟನ್ನು ಈ ದೇಶದ ಬಡವರ ಮೇಲೆ ತೀರಿಸಿಕೊಂಡರು. ಟೇಲರನು ಹಿಡಿದ ದಾರಿ ಬೇರೆ. ಆತನು ಕಲಿಯತೊಡಗಿದನು. ಹಿಂದೂಸ್ಥಾನಿ, ಫಾರ್ಸಿ, ಮರಾಠಿ ಭಾಷೆಗಳನ್ನು ಕಲಿತನು. ಭೂಮಾಪನ, ಕಾನೂನು, ಭೂವಿಜ್ಞಾನ, ಕಟ್ಟಡದ ಕೆಲಸ ಇವೆಲ್ಲವನ್ನೂ ಗುರುಗಳಿಲ್ಲದೆ ತಾನೇ ಅಭ್ಯಾಸ ಮಾಡಿದನು. ಅರ್ಧಕ್ಕೆ ನಿಂತ ಶಾಲೆಯ ಕೊರತೆಯನ್ನು ತುಂಬಿಕೊಳ್ಳುವ ಆ ಹಂಬಲ ಕೊನೆಯವರೆಗೂ ಆತನಲ್ಲಿ ಆರಲಿಲ್ಲ.

ಹಾಗೆಂದು ಎಳೆಯ ವಯಸ್ಸಿನ ಹುಮ್ಮಸ್ಸು ಆತನಿಗೆ ಇರಲಿಲ್ಲವೆಂದಲ್ಲ. ಇಪ್ಪತ್ತು ತುಂಬುವ ಮೊದಲೇ ವಿಶಾಲವಾದ ಪ್ರದೇಶವೊಂದರ ಪೊಲೀಸ್ ಅಧಿಕಾರ ಕೈಗೆ ಬಂದಿತು. ಒಮ್ಮೆ ಯಾತ್ರಿಕರು ಬಂದು, ಪೇಟೆಯಲ್ಲಿ ಮಾರುವ ಹಿಟ್ಟಿನಲ್ಲಿ ಮರಳು ಬೆರೆತಿದೆಯೆಂದೂ ತೂಕದಲ್ಲಿ ಮೋಸವಿದೆಯೆಂದೂ ದೂರಿದರು. ಟೇಲರನು ತಕ್ಕಡಿ ಬಟ್ಟುಗಳನ್ನು ಪರೀಕ್ಷಿಸಿದನು. ದೂರು ನಿಜವಾಗಿತ್ತು. ಆಗ ಆತನು ದಂಡ ವಿಧಿಸುವ ಬದಲು, ಆ ಹಿಟ್ಟನ್ನು ಮಾರಿದವರೇ ಎಲ್ಲರ ಎದುರಿಗೆ ತಿನ್ನಬೇಕೆಂದು ಆಜ್ಞೆ ಮಾಡಿದನು. ಜನರು ನಕ್ಕು ನಲಿದರು. ಕಿರಿಯ ಸಾಹೇಬನ ನ್ಯಾಯವು ಊರೂರಿಗೆ ಹಬ್ಬಿತು. ಮೆಚ್ಚಿಗೆಯ ಮಾತುಗಳು ಹರೆಯದವನ ತಲೆಗೆ ಬಲು ಬೇಗ ಏರುತ್ತವೆ.

ತಲೆಗೇರಿದುದನ್ನು ಇಳಿಸುವ ಪ್ರಸಂಗವೂ ಕೆಲವು ವರ್ಷಗಳಲ್ಲಿ ಒದಗಿತು. ಆ ಕಾಲದಲ್ಲಿ ದೇಶದ ಉದ್ದಗಲಕ್ಕೂ ಠಕ್ಕರೆಂಬ ಕೊಲೆಗಡುಕರು ಹರಡಿದ್ದರು. ಸಾಧು ಪ್ರಯಾಣಿಕರ ವೇಷದಲ್ಲಿ ದಾರಿಹೋಕರ ಸ್ನೇಹ ಬೆಳೆಸಿ, ಸಮಯ ಸಾಧಿಸಿ ಕೊರಳಿಗೆ ಬಟ್ಟೆ ಬಿಗಿದು ಕೊಂದು, ಹೆಣಗಳನ್ನು ಹೂತುಹಾಕುವುದು ಅವರ ಕಸುಬು. 1830ರ ಆಚೆಗೆ ಅವರ ಗುಟ್ಟು ಒಂದೊಂದಾಗಿ ಹೊರಬಿದ್ದಾಗ ಟೇಲರನಿಗೆ ತಿಳಿದುಬಂದುದೇನು? ತಾನು ಕಾವಲು ಕಾಯುತ್ತಿದ್ದ ಸೀಮೆಯಲ್ಲಿಯೇ ಅವರು ನಿರಾತಂಕವಾಗಿ ಓಡಾಡಿದ್ದರು. ಹಿಂಗೋಲಿಯ ದಂಡಿನ ಪೇಟೆಯಲ್ಲಿ ಹರಿಸಿಂಗನೆಂಬ ಬಟ್ಟೆಯ ವ್ಯಾಪಾರಿಯಿದ್ದನು. ಮರ್ಯಾದಸ್ಥನೆಂದು ಎಲ್ಲರೂ ನಂಬಿದ್ದ ಆ ಮನುಷ್ಯನೊಡನೆ ಟೇಲರನೂ ವ್ಯವಹಾರ ಮಾಡಿದ್ದನು. ಅವನೇ ಠಕ್ಕರ ನಾಯಕರಲ್ಲೊಬ್ಬ! ದಂಡಿನ ಬಿಡಾರದ ಸುತ್ತಮುತ್ತ ನೆಲ ಅಗೆದಾಗ ಹೆಣಗಳು ದೊರೆತವು.

ಪೊಲೀಸ್ ಅಧಿಕಾರಿಯಾಗಿದ್ದವನಿಗೆ ಇದಕ್ಕಿಂತ ಹೆಚ್ಚಿನ ಮುಖಭಂಗ ಇನ್ನೇನಿದೆ? ಮುಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಟೇಲರನು ಮುಚ್ಚಿಡಲಿಲ್ಲ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಆತನು ಪ್ರಕಟಿಸಿದನು. ಅದರ ಪೀಠಿಕೆಯಲ್ಲಿ ಹರಿಸಿಂಗನ ಸಂಗತಿಯನ್ನೂ ತನ್ನ ಅಜ್ಞಾನವನ್ನೂ ಎಲ್ಲರಿಗೂ ತಿಳಿಯುವಂತೆ ಬರೆದನು. ಆ ಪುಸ್ತಕವು ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿತು. ವಿಕ್ಟೋರಿಯಾ ರಾಣಿಯೂ ಅದನ್ನು ಆಸಕ್ತಿಯಿಂದ ಓದಿದಳು. ಮರುವರ್ಷ ಟೀಪೂ ಸುಲ್ತಾನನನ್ನು ಕುರಿತ ಕಾದಂಬರಿ ಹೊರಬಂದಿತು. ಕೀರ್ತಿಯ ಬಾಗಿಲು ತೆರೆದಿದ್ದರೂ ಟೇಲರನು ಅಲ್ಲಿ ನಿಲ್ಲಲಿಲ್ಲ, ಹೈದರಾಬಾದಿಗೆ ಮರಳಿದನು. 1841ರಲ್ಲಿ ಆತನನ್ನು ಸುರಪುರಕ್ಕೆ ಕಳುಹಿಸಲಾಯಿತು.

ಸುರಪುರದ ಸ್ಥಿತಿ ಆಗ ತೀರ ಕೆಟ್ಟಿತ್ತು. ದೊರೆಯಾದ ಕೃಷ್ಣಪ್ಪ ನಾಯಕನ ಕಾಲ ಮುಗಿಯುತ್ತಲೇ ಅರಮನೆಯಲ್ಲಿ ಒಡಕು ಹುಟ್ಟಿತು. ಮಗ ವೆಂಕಟಪ್ಪ ನಾಯಕನು ಇನ್ನೂ ಸಣ್ಣ ಬಾಲಕ. ಒಂದು ಕಡೆ ತಾಯಿಯಾದ ರಾಣಿ ಈಶ್ವರಮ್ಮ. ಇನ್ನೊಂದು ಕಡೆ ದೊರೆಯ ತಮ್ಮನಾದ ಪಿಡ್ಡನಾಯಕ. ನಿಜಾಮನಿಗೆ ಸಲ್ಲಬೇಕಾದ ಕಾಣಿಕೆ ಬಾಕಿಯಾಗಿ ಸಾಲವು ಬೆಟ್ಟದಂತೆ ಬೆಳೆದಿತ್ತು. ಬೇಡ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಆಯುಧ ಹಿಡಿದು ನಿಂತಿದ್ದರು. ರಾಣಿ ಈಶ್ವರಮ್ಮ ಎದೆಗಾರಿಕೆಯ ಹೆಂಗಸು. ಯಾರ ಮಾತಿಗೂ ಮಣಿಯುವವಳಲ್ಲ. ಇಂಗ್ಲಿಷರ ದೂತನೆಂದರೆ ಆಕೆಗೆ ಕೆಂಡದಂತಹ ಕೋಪ. ಟೇಲರನ ಜೊತೆಗಿದ್ದ ಸೈನ್ಯವೋ ಅತ್ಯಲ್ಪ.

ಹಟಕ್ಕೆ ಹಟ, ಬಿರುಸಿಗೆ ಬಿರುಸು ಎಂದು ಹೊರಟಿದ್ದರೆ ಸುರಪುರದ ಬೀದಿಗಳಲ್ಲಿ ಅಂದೇ ರಕ್ತ ಹರಿಯುತ್ತಿತ್ತು. ಟೇಲರನು ದೃಢವಾಗಿದ್ದನು, ಆದರೆ ದುಡುಕಲಿಲ್ಲ. ಬೇಡ ಮುಖಂಡರ ದೂರುಗಳನ್ನು ಅವರ ಬಾಯಿಂದಲೇ ಕೇಳಿದನು. ರಾಣಿಯ ಅಧಿಕಾರವನ್ನು ಕ್ರಮೇಣ ಕಡಿಮೆ ಮಾಡಿದರೂ ಆಕೆಯ ಗೌರವಕ್ಕೆ ಕುಂದು ತರಲಿಲ್ಲ. ಪಿಡ್ಡನಾಯಕನು ತೀರಿಕೊಂಡ ಮೇಲೆ ಸಂಸ್ಥಾನದ ಆಡಳಿತವೆಲ್ಲ ಟೇಲರನ ಕೈಗೆ ಬಂದಿತು. ಸುತ್ತಮುತ್ತ ಹತ್ತಾರು ಹರದಾರಿ ನಡೆದರೂ ಮೇಲಿನ ಅಧಿಕಾರಿಯೊಬ್ಬನು ಸಿಗುತ್ತಿರಲಿಲ್ಲ. ಮಾಡಿದ್ದೇ ಕಾನೂನು, ಆಡಿದ್ದೇ ತೀರ್ಪು. ಅಹಂಕಾರವು ಬೆಳೆಯಲು ಇದಕ್ಕಿಂತ ಹದವಾದ ನೆಲ ಬೇರೆಲ್ಲಿ ದೊರೆತೀತು?

ಹನ್ನೆರಡು ವರ್ಷ ಆತನು ಅಲ್ಲಿದ್ದನು. ಆ ಹನ್ನೆರಡು ವರ್ಷಗಳ ಗುರುತುಗಳು ಈ ಸೀಮೆಯ ನೆಲದ ಮೇಲೆ ಉಳಿದಿವೆ. ಕಂದಾಯದ ಲೆಕ್ಕಗಳನ್ನು ಸರಿಪಡಿಸಿ ಸಂಸ್ಥಾನದ ಹಣಕಾಸನ್ನು ಹದಕ್ಕೆ ತಂದನು. ಗಾಡಿಗಳು ಓಡಾಡುವಂತಹ ದಾರಿಗಳನ್ನು ಮಾಡಿಸಿದನು. ಹಾಳುಬಿದ್ದ ಕೆರೆಗಳನ್ನು ಕಟ್ಟಿಸಿದನು. ಸುರಪುರದ ಸಮೀಪದ ಬೋನಾಳ ಕೆರೆಯು ಹಿಂದಿನ ನಾಯಕರ ಕಾಲದ್ದು. ಅದನ್ನು ಹೆಚ್ಚು ನೀರು ನಿಲ್ಲುವಂತೆ ಮಾಡಿದವನು ಟೇಲರ್. ಇಂದು ಅದೊಂದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶಗಳ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ.

ಆತನ ಸ್ವಂತ ಬಾಳು ಮಾತ್ರ ಬರಿದಾಗುತ್ತ ಬಂದಿತು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳಾದ ಮೇರಿಯನ್ನು ಆತನು ಮದುವೆಯಾಗಿದ್ದನು. ಪಾಮರನ ತಂದೆ ಇಂಗ್ಲಿಷ್ ಸೇನಾಪತಿ. ತಾಯಿ ಭಾರತದ ಮುಸ್ಲಿಂ ಮನೆತನದವಳು. ಬಿಳಿಯರು ತಮ್ಮ ಬಣ್ಣದ ಬಗ್ಗೆ ಹೆಮ್ಮೆಪಡುತ್ತಿದ್ದ ಆ ಕಾಲದಲ್ಲಿ ಇಂತಹ ಸಂಬಂಧವನ್ನು ಮೂಗು ಮುರಿದು ನೋಡುವವರಿಗೆ ಕೊರತೆಯಿರಲಿಲ್ಲ. 1844ರಲ್ಲಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆದರು. ಬೆಟ್ಟದ ಮೇಲಣ ಬಂಗಲೆಯಲ್ಲಿ ಟೇಲರನು ಒಂಟಿಯಾಗಿ ಉಳಿದನು. ಹಗಲು ಕಚೇರಿಯ ಕೆಲಸ. ಬಿಡುವಿದ್ದಾಗ ಓದು, ಚಿತ್ರ ಬರೆಯುವುದು, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರದಿ ಕಳುಹಿಸುವುದು. ಹೀಗೆ ದಿನಗಳು ಸಾಗಿದವು.

ಸಂಚಾರಕ್ಕೆ ಹೋದಾಗ ಆತನ ಕಣ್ಣು ಬಯಲಿನ ಕಲ್ಲುಗಳ ಮೇಲೂ ಬೀಳುತ್ತಿತ್ತು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಸಾಲುಸಾಲಾಗಿ, ಗೆರೆ ಎಳೆದಂತೆ ಕುಳಿತಿವೆ. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳಿವೆ. ಅವು ಮೋರೇರ ಮನೆಗಳೆಂದು ಜನರು ಹೇಳುತ್ತಿದ್ದರು. ದಾರಿಹೋಕರಿಗೆ ಅವು ಬರಿಯ ಕಲ್ಲು. ಟೇಲರನು ಅವುಗಳನ್ನು ಅಳೆದನು, ಚಿತ್ರ ಬರೆದನು. ಜೇವರ್ಗಿಯ ಹತ್ತಿರದ ಕಲ್ಲುಗೋರಿಗಳನ್ನು ಅಗೆಸಿ, ಒಳಗಿದ್ದ ಮಡಕೆ ಮೂಳೆಗಳನ್ನು ಜಾಗ್ರತೆಯಿಂದ ಪರೀಕ್ಷಿಸಿ, ವಿದ್ವತ್ಸಭೆಗಳ ಪತ್ರಿಕೆಗಳಲ್ಲಿ ಲೇಖನಗಳನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಶಿಲಾಸಮಾಧಿಗಳನ್ನು ಕ್ರಮವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಆತನೊಬ್ಬನು. ಇಂತಹವೇ ಕಲ್ಲುಮನೆಗಳು ಇಂಗ್ಲೆಂಡಿನಲ್ಲಿಯೂ ಇವೆಯೆಂಬುದನ್ನು ಆತನು ಗುರುತಿಸಿದನು. ಇವೆರಡನ್ನೂ ಕಟ್ಟಿದವರು ಒಂದೇ ಕುಲದವರೆಂದು ಆತನು ಮಾಡಿದ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಆಳುವವರ ಪೂರ್ವಿಕರೂ ಆಳಿಸಿಕೊಳ್ಳುವವರ ಪೂರ್ವಿಕರೂ ತಮ್ಮ ಸತ್ತವರನ್ನು ಒಂದೇ ಬಗೆಯ ಕಲ್ಲಿನ ಕೆಳಗೆ ಮಲಗಿಸಿದ್ದರೆಂದು ಕಂಡುಕೊಂಡವನಿಗೆ ಜನಾಂಗದ ಹೆಮ್ಮೆ ಅಷ್ಟಾಗಿ ಉಳಿಯಲಾರದು.

ಜನರು ಆತನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರೆಂಬ ಹೇಳಿಕೆಯಿದೆ. ಆರತಿ ಎತ್ತುವ ಮಟ್ಟಿಗೂ ಅವರ ಅಭಿಮಾನ ಬೆಳೆದಿತ್ತು. ಪರಿಚಯವಿಲ್ಲದ ನೆಲದಲ್ಲಿ ದೇವರ ಹೆಸರು ಪಡೆಯುವುದು ಮನುಷ್ಯನಿಗೆ ಅಪಾಯಕರವಾದ ಬಹುಮಾನ. ಅದರ ಅಮಲು ಏರಿದವರು ತಮ್ಮ ತೂಕವನ್ನೇ ಮರೆಯುತ್ತಾರೆ. ಟೇಲರನ ತೂಕವನ್ನು ಆತನಿಗೆ ನೆನಪು ಮಾಡಿಕೊಟ್ಟವನು ಅರಮನೆಯ ಬಾಲಕನೇ.

ಬಾಲಕ ವೆಂಕಟಪ್ಪ ನಾಯಕನು ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ತಂದೆಯಿಲ್ಲದ ಹುಡುಗ, ಮಕ್ಕಳು ಬಳಿಯಲ್ಲಿಲ್ಲದ ತಂದೆ. ಇಬ್ಬರ ನಡುವೆ ಬೆಳೆದ ಮಮತೆ ತೋರಿಕೆಯದಾಗಿರಲಿಲ್ಲ. ಹುಡುಗನನ್ನು ಒಳ್ಳೆಯ ದೊರೆಯನ್ನಾಗಿ ಮಾಡಬೇಕೆಂದು ಟೇಲರನು ಬಹಳ ಶ್ರಮಿಸಿದನು. ಆದರೆ ಒಂದು ಮನಸ್ಸನ್ನು ತಿದ್ದುವುದು ಒಂದು ಕೆರೆಯನ್ನು ಕಟ್ಟಿಸಿದಷ್ಟು ಸುಲಭವಲ್ಲ. ಅರಮನೆಯ ಮುದ್ದು, ಹೊಗಳುಭಟರ ಸಹವಾಸ, ವಯಸ್ಸಿನ ಚಾಪಲ್ಯ ಇವೆಲ್ಲ ಒಂದು ಕಡೆ ಎಳೆದರೆ ಅಪ್ಪನ ಬುದ್ಧಿವಾದ ಇನ್ನೊಂದು ಕಡೆ ಎಳೆಯುತ್ತಿತ್ತು. 1853ರಲ್ಲಿ ವೆಂಕಟಪ್ಪ ನಾಯಕನು ಪ್ರಾಯಕ್ಕೆ ಬಂದನೆಂದು ಟೇಲರನು ಸಂಸ್ಥಾನವನ್ನು ಆತನಿಗೆ ಒಪ್ಪಿಸಿ ನಳದುರ್ಗದ ಕಡೆಗೆ ವರ್ಗವಾಗಿ ಹೋದನು. ಇಡೀ ರಾಜ್ಯದ ಒಡೆಯನಂತೆ ಹನ್ನೆರಡು ವರ್ಷ ಬಾಳಿದವನು, ಮರಳಿ ಒಬ್ಬ ಸಾಮಾನ್ಯ ಜಿಲ್ಲಾಧಿಕಾರಿಯಾದನು.

ನಾಲ್ಕು ವರ್ಷಗಳ ಬಳಿಕ ದೇಶದಲ್ಲೆಲ್ಲ ಕ್ರಾಂತಿಯ ಕಿಚ್ಚು ಎದ್ದಿತು. 1857ರಲ್ಲಿ ಉತ್ತರದ ಸಿಪಾಯಿಗಳು ಇಂಗ್ಲಿಷರ ವಿರುದ್ಧ ಸಿಡಿದೆದ್ದಾಗ, ಹೈದರಾಬಾದಿನ ರೆಸಿಡೆಂಟನು ಟೇಲರನನ್ನು ವರ್ಹಾಡದ ಪ್ರಾಂತಕ್ಕೆ ಕಳುಹಿಸಿದನು. ಜೊತೆಗೆ ಕೊಡಲು ಒಂದು ತುಕಡಿ ಸೈನ್ಯವೂ ಇರಲಿಲ್ಲ. ಜನರ ವಿಶ್ವಾಸವೊಂದನ್ನೇ ನಂಬಿ ಹೋದ ಟೇಲರನು ಆ ಪ್ರಾಂತದಲ್ಲಿ ಶಾಂತಿಯನ್ನು ಉಳಿಸಿದನು. ಆತನು ಅಲ್ಲಿದ್ದಾಗಲೇ ಸುರಪುರದಲ್ಲಿ ಬೆಂಕಿ ಹೊತ್ತಿಕೊಂಡಿತು.

ಇಪ್ಪತ್ತನಾಲ್ಕರ ಆಸುಪಾಸಿನ ದೊರೆ ವೆಂಕಟಪ್ಪ ನಾಯಕನು ಪರಕೀಯರ ಆಳಿಕೆಗೆ ಎದುರಾಗಿ ನಿಂತನು. 1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಕದನ ನಡೆಯಿತು. ಕ್ಯಾಪ್ಟನ್ ನ್ಯೂಬೆರಿಯೆಂಬ ಇಂಗ್ಲಿಷ್ ಅಧಿಕಾರಿ ಮಡಿದನು. ಹೆಚ್ಚಿನ ಸೈನ್ಯವು ಬರುತ್ತಲಿದೆಯೆಂದು ತಿಳಿದ ದೊರೆಯು ರಾತ್ರಿಯಲ್ಲಿ ಕೋಟೆಯನ್ನು ತೊರೆದು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕನು. ಸುರಪುರವು ಇಂಗ್ಲಿಷರ ವಶವಾಯಿತು. ಅದರ ಆಡಳಿತಕ್ಕೆ ಮತ್ತೆ ಟೇಲರನನ್ನೇ ನೇಮಿಸಲಾಯಿತು. ತಾನು ಸಾಕಿದ ಹುಡುಗನ ರಾಜ್ಯಕ್ಕೆ, ಅವನನ್ನು ಗೆದ್ದವರ ಅಧಿಕಾರಿಯಾಗಿ ಮರಳುವ ಸಂಕಟ ಆತನ ಪಾಲಿಗೆ ಬಂದಿತು.

ಹೈದರಾಬಾದಿನ ಸೆರೆಮನೆಯಲ್ಲಿ ಟೇಲರನು ವೆಂಕಟಪ್ಪ ನಾಯಕನನ್ನು ಕಂಡನು. ಆತನನ್ನು ನೋಡುತ್ತಲೇ ದೊರೆಯು ಕೊರಳಿಗೆ ಜೋತುಬಿದ್ದು, ಹುಡುಗನಾಗಿದ್ದಾಗಿನಂತೆಯೇ ಅಪ್ಪಾ ಎಂದು ಕರೆದು ಅತ್ತನು. ಟೇಲರನ ಬಳಿ ಸರ್ಕಾರದ ಪರವಾದ ಒಂದು ಪ್ರಶ್ನೆಯಿತ್ತು. ಈ ಬಂಡಾಯಕ್ಕೆ ಪ್ರೇರೇಪಿಸಿದವರು ಯಾರು, ಜೊತೆಗಾರರು ಯಾರೆಂಬುದನ್ನು ಹೇಳಿದರೆ ದೊರೆಗೆ ದಯೆ ದೊರೆಯುವ ಸಾಧ್ಯತೆಯಿತ್ತು. ಟೇಲರನು ಕೇಳಿದನು. ಮಗನಂತಹವನ ಪ್ರಾಣ ಉಳಿಯಲೆಂಬ ಆಸೆಯಿಂದಲೇ ಕೇಳಿದ್ದಿರಬೇಕು.

ದೊರೆಯು ಹೇಳಲಿಲ್ಲ. ತನ್ನನ್ನು ನಂಬಿದವರ ಹೆಸರುಗಳನ್ನು ಒಪ್ಪಿಸಿ ಪ್ರಾಣ ಉಳಿಸಿಕೊಂಡರೆ ಮುಂದೆ ತನ್ನ ಜನರಿಗೆ ಮುಖ ತೋರಿಸುವುದು ಹೇಗೆಂದು ಆತನು ತಿರುಗಿ ಕೇಳಿದನು. ಸಾವಿಗೆ ತಾನು ಹೆದರುವುದಿಲ್ಲವೆಂದೂ, ಕಳ್ಳನನ್ನು ನೇಣಿಗೆ ಹಾಕುವಂತೆ ತನ್ನನ್ನು ನೇಣು ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಬೇಕೆಂದೂ ಬೇಡಿದನು. ಟೇಲರನು ಮರುಮಾತಾಡಲಿಲ್ಲ. ಆತನು ಹನ್ನೆರಡು ವರ್ಷ ಕಲಿಸಲು ಯತ್ನಿಸಿದ ಯಾವುದೋ ಒಂದನ್ನು ಆ ಯುವಕನು ತನ್ನದೇ ರೀತಿಯಲ್ಲಿ ಕಲಿತಿದ್ದನು. ಅಥವಾ ಅದು ಬೇಡ ನಾಯಕರ ಕುಲದಲ್ಲಿ ಮೊದಲಿನಿಂದಲೇ ಇದ್ದಿತು.

ದೊಡ್ಡಸ್ತಿಕೆಯ ಸೊಕ್ಕು ಬೇರೆ, ಮಾನದ ಕಾಳಜಿ ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಗೆದ್ದವನಿಗೆ ಸುಲಭವಲ್ಲ. ಸೋತವನ ಸ್ವಾಭಿಮಾನವು ಗೆದ್ದವನಿಗೆ ಯಾವಾಗಲೂ ಉದ್ಧಟತನವಾಗಿಯೇ ಕಾಣುತ್ತದೆ. ಟೇಲರನು ಈ ಭೇಟಿಯನ್ನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ತನ್ನ ಪ್ರಶ್ನೆಗೆ ದೊರೆಯು ಉತ್ತರ ಕೊಡಲಿಲ್ಲವೆಂಬ ಸಿಟ್ಟು ಅದರಲ್ಲಿ ಇಲ್ಲ. ದೊರೆಯ ನಡತೆಯ ಬಗ್ಗೆ ಮೆಚ್ಚಿಗೆಯಿದೆ, ಆತನ ಗತಿಯ ಬಗ್ಗೆ ಅಳಲಿದೆ. ಸೆರೆಯಾಳಿನ ಮುಂದೆ ತಾನು ಚಿಕ್ಕವನಾದ ಆ ಗಳಿಗೆಯನ್ನು ಆತನು ಓದುಗರಿಂದ ಮರೆಮಾಡಲಿಲ್ಲ.

ಆದರೆ ಒಬ್ಬ ಅಧಿಕಾರಿಯ ವಿನಯದಿಂದ ಒಂದು ಸಾಮ್ರಾಜ್ಯವು ವಿನಯ ಕಲಿಯುವುದಿಲ್ಲ. ವಿಚಾರಣೆಯ ಬಳಿಕ ದೊರೆಗೆ ಮರಣದಂಡನೆ ವಿಧಿಸಿದರು. ಟೇಲರನು ಆತನ ಪರವಾಗಿ ಕೇಳಿಕೊಂಡನು. ಶಿಕ್ಷೆಯು ಮೊದಲು ಗಡೀಪಾರಿಗೆ ಇಳಿಯಿತು. ಕಡೆಗೆ ಗವರ್ನರ್ ಜನರಲನು ಅದನ್ನು ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಿದನು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ಸೆರೆವಾಸ. ನಡತೆ ಚೆನ್ನಾಗಿದ್ದರೆ ಮುಂದೆ ರಾಜ್ಯವೂ ಮರಳುವ ಆಸೆಯಿತ್ತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಬಿಡಾರವೊಂದರಲ್ಲಿ, ವೆಂಕಟಪ್ಪ ನಾಯಕನು ಪಿಸ್ತೂಲಿನ ಗುಂಡಿಗೆ ಬಲಿಯಾದನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹಾರಿಸಿಕೊಂಡನೆಂಬುದು ಟೇಲರನು ಬರೆದ ವೃತ್ತಾಂತ. ಸುರಪುರದವರಿಗೆ ಆತನು ಇಂಗ್ಲಿಷರ ವಿರುದ್ಧ ಹೋರಾಡಿ ಮಡಿದ ಹುತಾತ್ಮ.

ಈ ಸಂಬಂಧದಲ್ಲಿ ಟೇಲರನು ಮತ್ತೊಂದು ಸಂಗತಿಯನ್ನೂ ಬರೆದಿಟ್ಟಿದ್ದಾನೆ. ಹಿಂದೊಮ್ಮೆ ರಾಣಿ ಈಶ್ವರಮ್ಮನು ಕಾಯಿಲೆ ಬಿದ್ದಾಗ ಮಗನ ಜಾತಕವನ್ನು ಆತನಿಗೆ ತೋರಿಸಿದ್ದಳು. ಇಪ್ಪತ್ತನಾಲ್ಕನೆಯ ವರ್ಷವನ್ನು ದೊರೆಯು ದಾಟಲಾರನೆಂದು ಅದರಲ್ಲಿತ್ತು. ಟೇಲರನು ಆ ಗುಟ್ಟನ್ನು ಕಾಪಾಡಿದನು. ಜಾತಕವನ್ನು ನಂಬುವುದು ಬಿಡುವುದು ಬೇರೆ ಮಾತು. ಆದರೆ ತನ್ನ ಬುದ್ಧಿಗೆ ನಿಲುಕದುದನ್ನು ಹಾಸ್ಯ ಮಾಡಿ ತಳ್ಳಿಹಾಕುವುದು ಆ ಕಾಲದ ಸಾಹೇಬರಿಗೆ ಸಹಜವಾಗಿತ್ತು. ಟೇಲರನು ನಡೆದುದನ್ನು ನಡೆದ ಹಾಗೆ ಬರೆದು ಸುಮ್ಮನಾದನು.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಕ್ರಾಂತಿಯ ಕಾಲದಲ್ಲಿ ಆತನು ತಮ್ಮ ಪಕ್ಷದಲ್ಲಿ ನಿಂತುದಕ್ಕೆ ಅದು ಬಹುಮಾನ. ನಾಯಕರ ನಾಡು ಕೈಯಿಂದ ಕೈಗೆ ದಾಟುವ ಸರಕಾಯಿತು. ಅದನ್ನು ತಡೆಯುವ ಶಕ್ತಿ ಟೇಲರನಿಗೆ ಇರಲಿಲ್ಲ. ಅದೇ ವರ್ಷ, ಮೂವತ್ತೈದು ವರ್ಷಗಳ ಸೇವೆಯಿಂದ ದೇಹ ಜರ್ಜರಿತವಾಗಿ, ಆತನು ನಿವೃತ್ತನಾಗಿ ಸ್ವದೇಶಕ್ಕೆ ಮರಳಿದನು. ಐಶ್ವರ್ಯವನ್ನು ಕೂಡಿಸಿಕೊಂಡು ಹೋದವರಲ್ಲಿ ಆತನು ಸೇರಲಿಲ್ಲ.

ಆರೋಗ್ಯವು ಸ್ವಲ್ಪ ಸುಧಾರಿಸಿದ ಮೇಲೆ ಮತ್ತೆ ಲೇಖನಿ ಹಿಡಿದನು. 1657, 1757, 1857 ಈ ಮೂರು ಕಾಲಗಳನ್ನು ಚಿತ್ರಿಸುವ ಮೂರು ಕಾದಂಬರಿಗಳನ್ನು ಬರೆದನು. ಅವುಗಳಲ್ಲಿ ಕೊನೆಯದಾದ ಸೀತಾ ಎಂಬುದು 1872ರಲ್ಲಿ ಪ್ರಕಟವಾಯಿತು. ದಂಗೆಯ ನೆನಪಿನಿಂದ ಇಂಗ್ಲೆಂಡಿನಲ್ಲಿ ಭಾರತೀಯರ ಮೇಲೆ ದ್ವೇಷ ಆರದೆ ಉರಿಯುತ್ತಿದ್ದ ಕಾಲ ಅದು. ಅಂತಹ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನು ಹಿಂದೂ ವಿಧವೆಯೊಬ್ಬಳನ್ನು ಗೌರವದಿಂದ ಮದುವೆಯಾಗುವ ಕಥೆಯನ್ನು ತನ್ನ ದೇಶದವರ ಮುಂದಿಡಲು ಆತನು ಹಿಂಜರಿಯಲಿಲ್ಲ. ಆ ಕಥೆಯ ಹಿಂದೆ ಹೈದರಾಬಾದಿನ ಮೇರಿಯ ನೆನಪು ಇರಲಿಲ್ಲವೆಂದು ಹೇಳುವುದು ಕಷ್ಟ. ಬಿಜಾಪುರದ ಚಾಂದಬೀಬಿಯನ್ನು ಕುರಿತ ಕಾದಂಬರಿಯು ಆತನ ಮರಣದ ಬಳಿಕ ಅಚ್ಚಾಯಿತು.

ಕಡೆಗಾಲದಲ್ಲಿ ಕಣ್ಣು ಮಂಜಾಗುತ್ತ ಬಂದಿತು. ಬೆಟ್ಟ, ಕೆರೆ, ಕಲ್ಲು, ಮುಖ ಎಲ್ಲವನ್ನೂ ಚಿತ್ರಿಸಿದ್ದ ಕಣ್ಣುಗಳವು. ಇಂಗ್ಲೆಂಡಿನ ಚಳಿಯನ್ನು ತಪ್ಪಿಸಿಕೊಳ್ಳಬೇಕೆಂದು ವೈದ್ಯರು ಹೇಳಿದಾಗ, ಹೈದರಾಬಾದಿನ ದಿವಾನನಾದ ಸಾಲಾರ ಜಂಗನು ಆತನನ್ನು ಆದರದಿಂದ ಆಹ್ವಾನಿಸಿದನು. 1875ರಲ್ಲಿ ಟೇಲರನು ಮತ್ತೊಮ್ಮೆ ಭಾರತಕ್ಕೆ ಬಂದನು. ಹದಿನೈದರ ಹುಡುಗನಾಗಿ ಬಂದಿಳಿದ ದೇಶವನ್ನು ಅರವತ್ತೇಳರ ಮುದುಕನು ಈ ಬಾರಿ ದನಿಗಳಿಂದಲೇ ಗುರುತು ಹಿಡಿಯಬೇಕಾಯಿತು. ಅಲ್ಲಿಯೂ ಜ್ವರವು ಆತನನ್ನು ಬಿಡಲಿಲ್ಲ. ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸ್ ದೇಶದ ಮೆಂಟನ್ ಎಂಬ ಊರಿನಲ್ಲಿ, 1876ರ ಮೇ 13ರಂದು ಆತನು ಕಣ್ಣು ಮುಚ್ಚಿದನು.

ಮರುವರ್ಷ ಮಗಳು ಆಲಿಸಳು ತಂದೆಯ ಆತ್ಮಕಥೆಯನ್ನು ಪ್ರಕಟಿಸಿದಳು. ಅದರಲ್ಲಿ ನಿಜಾಮನ ಸೇವೆಯಿದೆ, ವರ್ಹಾಡದ ಸಾಹಸವಿದೆ, ಲಂಡನ್ನಿನ ಕೀರ್ತಿಯಿದೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ಪುಟಗಳನ್ನು ತುಂಬಿರುವುದು ಸುರಪುರ: ಅದರ ಬಂಡೆಗಳು, ಬೇಡರು, ಹಟಮಾರಿ ರಾಣಿ, ಬೋನಾಳದ ಕೆರೆ, ಮತ್ತು ಸೆರೆಮನೆಯಲ್ಲಿ ಅಪ್ಪಾ ಎಂದು ಕರೆದು, ಕೇಳಿದ ಹೆಸರುಗಳನ್ನು ಹೇಳದೆ ಉಳಿದ ಆ ಹುಡುಗ.